ಮುರಿದ ಅಯಸ್ಕಾಂತವೂ ‘ಧ್ರುವ’ವೆಂಬ ಮಾತೂ

ಕಬ್ಬಿಣವನ್ನು ತನ್ನೆಡೆಗೆ ಸೆಳೆಯುವ ಶಿಲೆಗೆ ಸಂಸ್ಕೃತದಲ್ಲಿ ಅಯಸ್ಕಾಂತವೆಂದೂ ಕನ್ನಡದಲ್ಲಿ ಸೂಜಿಗಲ್ಲೆಂದೂ ಹೆಸರು. ಅಯಸ್ಸೆಂದರೆ ಕಬ್ಬಿಣ, ಅದಕ್ಕೆ ಪ್ರಿಯವಾದುದು ಅಯಸ್ಕಾಂತ. ಕುಮಾರಸಂಭವದ ಎರಡನೆಯ ಸರ್ಗದಲ್ಲಿ ಬ್ರಹ್ಮನು ದೇವತೆಗಳಿಗೆ ಶಿವನ ಮನಸ್ಸನ್ನು ಉಮೆಯ ರೂಪದಿಂದ ಸೆಳೆಯುವ ಉಪಾಯವನ್ನು ಹೇಳುವಾಗ ಈ ಶಿಲೆಯನ್ನೇ ಉಪಮಾನವಾಗಿ ತಂದಿದ್ದಾನೆ. ಈ ಹೆಸರುಗಳಲ್ಲಿಯೂ ಆ ಉಪಮೆಯಲ್ಲಿಯೂ ಕಾಣುವುದು ಆಕರ್ಷಣವೊಂದೇ. ಆ ಶಿಲೆಗೆ ಎರಡು ಕೊನೆಗಳುಂಟೆಂಬುದಾಗಲಿ, ಅವುಗಳ ಸ್ವಭಾವವು ಪರಸ್ಪರ ವಿರುದ್ಧವೆಂಬುದಾಗಲಿ ಇವುಗಳಿಂದ ತಿಳಿಯದು. ಆ ಅರ್ಥಕ್ಕೆ ಈಗ ಬಳಕೆಯಲ್ಲಿರುವ ಮಾತು ‘ಧ್ರುವ’. ಧ್ರುವವೆಂದರೆ ಸ್ಥಿರವಾದುದು, ಕದಲದೆ ಒಂದೆಡೆ ನಿಂತುದು. ಹೀಗಿರಲು, ಅಯಸ್ಕಾಂತದ ಒಂದೊಂದು ತುದಿಯಲ್ಲಿಯೂ ಒಂದೊಂದು ಬಗೆಯ ವಸ್ತುವು ನೆಲೆಸಿರುವುದೆಂಬ ಭಾವನೆಯು ಕೇಳಿದವರಲ್ಲಿ ಹುಟ್ಟುವುದು ಸಹಜ. ಈ ಭಾವನೆಯು ಸರಿಯೋ ತಪ್ಪೋ ಎಂಬುದನ್ನು ಅರಿಯಲು ಸುಲಭವಾದ ಉಪಾಯವೆಂದರೆ ಅಯಸ್ಕಾಂತವನ್ನು ಮುರಿದು ನೋಡುವುದು.

ಈ ಪರೀಕ್ಷೆಯು ಹೊಸತಲ್ಲ. ೧೨೬೯ನೆಯ ಇಸವಿ ಆಗಸ್ಟ್ ೮ರಂದು, ಇಟಲಿಯ ಲುಚೆರಾ ನಗರಕ್ಕೆ ಮುತ್ತಿಗೆ ಹಾಕಿದ್ದ ಪಾಳೆಯದಿಂದ, ಪೆಟ್ರಸ್ ಪೆರೆಗ್ರಿನಸ್ ಎಂಬ ಫ್ರಾನ್ಸ್ ದೇಶದ ವಿದ್ವಾಂಸನು ಮಿತ್ರನೊಬ್ಬನಿಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ದೀರ್ಘವಾದ ಪತ್ರವನ್ನು ಬರೆದನು. ಅಯಸ್ಕಾಂತದ ಗುಂಡುಕಲ್ಲಿನಲ್ಲಿ ಎರಡು ವಿಶೇಷಸ್ಥಾನಗಳನ್ನು ಗುರುತಿಸಿ, ಆಕಾಶದ ಧ್ರುವಗಳ ಹೆಸರನ್ನೇ ಅವಕ್ಕೆ ಕೊಟ್ಟವನು ಇವನು. ಕಲ್ಲಿನ ಶಕ್ತಿಯು ಆ ಗಗನಧ್ರುವಗಳಿಂದಲೇ ಬರುವುದೆಂಬುದು ಇವನ ಮತ. ಅದೇ ಪತ್ರದಲ್ಲಿ, ಕಲ್ಲನ್ನು ಎರಡಾಗಿ ಸೀಳಿದರೆ ಒಂದೊಂದು ಹೋಳಿಗೂ ಉತ್ತರ ದಕ್ಷಿಣವೆಂಬ ಎರಡೆರಡು ಧ್ರುವಗಳು ಕಾಣುವುವೆಂದೂ, ಸೀಳಿದ ಮುಖಗಳು ಮತ್ತೆ ಕೂಡಿಕೊಳ್ಳಲು ಹವಣಿಸುವುವೆಂದೂ ವಿವರಿಸಿದ್ದಾನೆ. ಧ್ರುವವೆಂಬ ಹೆಸರೂ ಆ ಹೆಸರಿನ ಮೇಲೆ ಸಂದೇಹವನ್ನು ತರುವ ಪ್ರಯೋಗವೂ ಹೀಗೆ ಒಂದೇ ಲೇಖನದಲ್ಲಿ ದೊರೆಯುತ್ತವೆ.

ಕಾಂತತ್ವವನ್ನು ಪಡೆದ ಉಕ್ಕಿನ ಕಡ್ಡಿಯೊಂದನ್ನು ಕಬ್ಬಿಣದ ಅರದ ಪುಡಿಯಲ್ಲಿ ಹೊರಳಿಸಿದರೆ ಪುಡಿಯು ತುದಿಗಳಲ್ಲಿ ಗೊಂಚಲಾಗಿ ಅಂಟುವುದು. ನಡುಭಾಗವು ಬಹುಮಟ್ಟಿಗೆ ಬರಿದಾಗಿರುವುದು. ಆ ಬರಿಯ ನಡುವಿನಲ್ಲಿಯೇ ಕಡ್ಡಿಯನ್ನು ಮುರಿದು ಮತ್ತೆ ಪುಡಿಯಲ್ಲಿ ಅದ್ದಿದರೆ, ಮುರಿದ ಎರಡು ಮುಖಗಳಿಗೂ ಪುಡಿಯು ಮುತ್ತುವುದು. ಉತ್ತರಧ್ರುವವಿದ್ದ ತುಂಡಿನ ಮುರಿದ ಕೊನೆ ದಕ್ಷಿಣಧ್ರುವವಾಗಿಯೂ, ದಕ್ಷಿಣಧ್ರುವವಿದ್ದ ತುಂಡಿನ ಮುರಿದ ಕೊನೆ ಉತ್ತರಧ್ರುವವಾಗಿಯೂ ತೋರುವುವು. ಆದುದರಿಂದಲೇ ಅವು ಒಂದನ್ನೊಂದು ಸೆಳೆಯುತ್ತವೆ. ಕಡ್ಡಿಯನ್ನು ಅಡ್ಡಲಾಗಿ ಮುರಿಯದೆ ಉದ್ದಕ್ಕೆ ಸೀಳಿದರೆ ಫಲವು ಬೇರೆ. ಆಗ ಎರಡು ಸೀಳುಗಳಲ್ಲಿಯೂ ಉತ್ತರದ ಮಗ್ಗುಲಲ್ಲಿ ಉತ್ತರ, ದಕ್ಷಿಣದ ಮಗ್ಗುಲಲ್ಲಿ ದಕ್ಷಿಣ. ಸಜಾತೀಯ ಧ್ರುವಗಳು ಪರಸ್ಪರ ನೂಕುವುದರಿಂದ ಸೀಳುಗಳು ದೂರ ಸರಿಯುವುವು, ಇಲ್ಲವೆ ಒಂದು ತಿರುಗಿ ತಲೆಕೆಳಗಾಗಿ ಇನ್ನೊಂದನ್ನು ಕೂಡುವುದು. ಹೇಗೆ ಕಡಿದರೂ ಒಂಟಿಧ್ರುವವು ಮಾತ್ರ ಕೈಗೆ ಸಿಕ್ಕದು.

ಇದಕ್ಕೆ ಕಾರಣವೇನು? ೧೭೮೫ರಲ್ಲಿ ಧ್ರುವಗಳ ನಡುವಣ ಬಲವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದೆಂದು ಅಳೆದು ತೋರಿಸಿದ ಕೂಲಂಬನು, ಉತ್ತರ ದಕ್ಷಿಣಗಳೆಂಬ ಎರಡು ದ್ರವಗಳನ್ನು ಊಹಿಸಿದ್ದನು. ಆದರೆ ಅವು ಕಡ್ಡಿಯ ಎರಡು ತುದಿಗಳಿಗೆ ಹರಿದು ನಿಂತಿದ್ದರೆ, ಮುರಿದಾಗ ಬೇರ್ಪಡಲೇಬೇಕಾಗಿತ್ತು. ಆದುದರಿಂದ ಆ ದ್ರವಗಳು ಒಂದೊಂದು ಅಣುವಿನೊಳಗೂ ಸೆರೆಯಾಗಿವೆಯೆಂದು ಅವನು ಹೇಳಬೇಕಾಯಿತು. ದ್ರವಗಳ ಕಲ್ಪನೆಯು ಮುಂದೆ ಬಿದ್ದುಹೋದರೂ, ಇಡಿಯ ಕಾಂತವು ಸಣ್ಣ ಕಾಂತಗಳ ಸಾಲೆಂಬ ಭಾವವು ಉಳಿಯಿತು. ಒಂದರ ಹಿಂದೊಂದು ಸಾಗುವ ಎತ್ತಿನ ಗಾಡಿಗಳ ಸಾಲನ್ನು ಇದಕ್ಕೆ ಹೋಲಿಸಬಹುದು. ಸಾಲಿನ ಮೊದಲಲ್ಲಿ ನೊಗವೂ ಕೊನೆಯಲ್ಲಿ ಗಾಡಿಯ ಹಿಂಬದಿಯೂ ಕಾಣುವುವು. ನಡುವೆ ಒಂದರ ಹಿಂಬದಿಗೆ ಇನ್ನೊಂದರ ನೊಗವು ತಾಗಿ ಎರಡೂ ಮರೆಯಾಗಿರುವುವು. ಸಾಲನ್ನು ಎಲ್ಲಿ ಕಡಿದರೂ ಅಲ್ಲಿ ಮರೆಯಾಗಿದ್ದ ನೊಗವೂ ಹಿಂಬದಿಯೂ ಬಯಲಾಗುವುವು, ಹೊಸದಾಗಿ ಹುಟ್ಟುವುವೆನ್ನುವಂತಿಲ್ಲ. ಕಡ್ಡಿಯ ನಡುವು ಪುಡಿಯನ್ನು ಸೆಳೆಯದಿರುವುದಕ್ಕೂ ಮುರಿದೊಡನೆ ಸೆಳೆಯುವುದಕ್ಕೂ ಇದೇ ಕಾರಣ.

ಆದರೆ ಒಂದೇ ಗಾಡಿ ಉಳಿದಾಗ, ಅದನ್ನೂ ಒಡೆದರೆ ನೊಗವು ಬೇರೆಯಾಗಬಾರದೇಕೆ? ಉಪಮೆಯು ಇಲ್ಲಿ ನಿಲ್ಲುತ್ತದೆ. ಉತ್ತರವು ಬೇರೊಂದು ಕಡೆಯಿಂದ ಬಂದಿತು. ೧೮೨೦ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ಡನು ವಿದ್ಯುತ್ಪ್ರವಾಹವು ಕಾಂತಸೂಜಿಯನ್ನು ತಿರುಗಿಸುವುದೆಂದು ಪ್ರಕಟಿಸಿದನು. ಅದನ್ನು ಕೇಳಿದೊಡನೆ ಫ್ರಾನ್ಸಿನ ಆಂಪೇರನು, ಕಾಂತತ್ವವೆಲ್ಲವೂ ಪದಾರ್ಥದೊಳಗೆ ಸುತ್ತುವ ಪ್ರವಾಹಗಳ ಫಲವೆಂದು ಸಾಧಿಸತೊಡಗಿದನು. ಸುತ್ತುವ ಪ್ರವಾಹವೊಂದರ ಒಂದು ಮಗ್ಗುಲು ಉತ್ತರ, ಇನ್ನೊಂದು ಮಗ್ಗುಲು ದಕ್ಷಿಣ. ಒಂದು ಕಾಗದದ ಎರಡು ಮಗ್ಗುಲುಗಳನ್ನು ಬೇರೆ ಮಾಡಲಾಗದಂತೆ ಇವನ್ನೂ ಬೇರೆ ಮಾಡಲಾಗದು. ಕಬ್ಬಿಣದಲ್ಲಿ ಈ ಗುಣವು ಮುಖ್ಯವಾಗಿ ಇಲೆಕ್ಟ್ರಾನಿನ ಸಹಜವಾದ ಭ್ರಮಣಗುಣದಿಂದ ಬರುವುದೆಂದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. ಇಲೆಕ್ಟ್ರಾನಿಗೆ ಒಳಭಾಗಗಳುಂಟೆಂದು ಯಾವ ಪ್ರಯೋಗವೂ ತೋರಿಸಿಲ್ಲ. ಆದರೂ ಅದು ತಾನೇ ಒಂದು ಪೂರ್ಣವಾದ ಕಾಂತದಂತೆ ವರ್ತಿಸುತ್ತದೆ. ಮುರಿಯಲು ಬಾರದ ಆ ಕಣದಲ್ಲಿಯೂ ಉತ್ತರ ದಕ್ಷಿಣಗಳು ಜೊತೆಯಾಗಿಯೇ ಇವೆ.

ಹಾಗಾದರೆ ಒಂಟಿಧ್ರುವವು ಅಸಾಧ್ಯವೆ? ಹಾಗೆಂದು ಶಾಸ್ತ್ರವು ವಿಧಿಸಿಲ್ಲ. ೧೯೩೧ರಲ್ಲಿ ಡಿರಾಕನು, ವಿಶ್ವದಲ್ಲಿ ಅಂಥದೊಂದಿದ್ದರೂ ಸಾಕು, ವಿದ್ಯುದಂಶವು ಎಲ್ಲೆಲ್ಲಿಯೂ ಒಂದೇ ಅಳತೆಯ ಗುಣಕಗಳಲ್ಲಿ ಮಾತ್ರ ಏಕೆ ದೊರೆಯುವುದೆಂಬುದಕ್ಕೆ ಕಾರಣ ಸಿಕ್ಕುವುದೆಂದು ತೋರಿಸಿದನು. ೧೯೮೨ರ ಫೆಬ್ರವರಿ ೧೪ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಬ್ರೆರಾ ಎಂಬ ವಿಜ್ಞಾನಿಯ ಯಂತ್ರವು, ಒಂಟಿಧ್ರುವವೊಂದು ಹಾದುಹೋದರೆ ಕಾಣಬೇಕಾದಷ್ಟೇ ಪ್ರವಾಹವನ್ನು ಒಮ್ಮೆ ಗುರುತುಮಾಡಿತು. ಅನಂತರದ ಇನ್ನೂ ದೊಡ್ಡ ಯಂತ್ರಗಳಿಗೂ ಅದು ಮತ್ತೆ ದೊರೆಯಲಿಲ್ಲ. ೨೦೦೯ರಲ್ಲಿ ಡಿಸ್ಪ್ರೋಸಿಯಮ್ ಟೈಟನೇಟ್ ಎಂಬ ಹರಳನ್ನು ಅತಿಶೀತದಲ್ಲಿಟ್ಟಾಗ ಅದರೊಳಗೆ ಧ್ರುವಗಳು ಬಿಡಿಬಿಡಿಯಾಗಿ ಸಂಚರಿಸುವಂತೆ ಕಂಡುಬಂದಿತು. ಆದರೆ ಅದು ಹರಳಿನ ಅಸಂಖ್ಯಾತ ಕಾಂತಗಳ ಸಾಮೂಹಿಕ ವರ್ತನೆ. ಆ ಒಂಟಿಧ್ರುವವನ್ನು ಹರಳಿನಿಂದ ಹೊರಗೆ ತೆಗೆಯಲಾಗದು.

ಆದುದರಿಂದ ಅಯಸ್ಕಾಂತದ ವಿಷಯದಲ್ಲಿ ‘ಧ್ರುವ’ವೆಂಬುದು ತುದಿಯಲ್ಲಿ ನೆಲೆಸಿದ ಪದಾರ್ಥದ ಹೆಸರಲ್ಲ, ಒಂದೇ ದಿಕ್ಕಿಗೆ ಮೊಗವಾದ ಸಾಲು ಕೊನೆಗೊಳ್ಳುವ ಎಡೆಯ ಹೆಸರು. ಸಾಲನ್ನು ಎಲ್ಲಿ ಕಡಿದರೆ ಧ್ರುವವು ಅಲ್ಲಿಯೇ ತೋರುವುದು. ಮಾತು ಸ್ಥಿರತೆಯನ್ನು ಸೂಚಿಸುತ್ತಿದ್ದರೂ ವಸ್ತುವು ಹಾಗಿಲ್ಲವೆಂಬುದನ್ನು, ಪಾಠ ಹೇಳುವವರು ಒಂದು ಉಕ್ಕಿನ ಕಡ್ಡಿಯನ್ನೂ ಒಂದು ಹಿಡಿ ಅರದ ಪುಡಿಯನ್ನೂ ಮುಂದಿಟ್ಟು ತೋರಿಸಬಹುದು.