ಪ್ರಿಮ್ರೋಸ್: ಒಂದೇ ಹೂವು, ಎರಡು ಕಣ್ಣು

ಇಂಗ್ಲೆಂಡಿನಲ್ಲಿ ಮಾರ್ಚ್ ತಿಂಗಳು. ಮರಗಳಿನ್ನೂ ಬೋಳು. ಬೇಲಿಯ ಬುಡದಲ್ಲಿ ಮಾತ್ರ ಸುಕ್ಕುಸುಕ್ಕಾದ ಎಲೆಗಳ ನಡುವೆ ತಿಳಿಹಳದಿ ಹೂಗಳು ನೆಲಕ್ಕಂಟಿಕೊಂಡಂತೆ ಅರಳಿರುತ್ತವೆ. ಇದೇ ಪ್ರಿಮ್ರೋಸ್. ಲ್ಯಾಟಿನ್ ಮೂಲದ ಈ ಹೆಸರಿಗೆ ‘ಮೊದಲ ಗುಲಾಬಿ’ ಎಂದರ್ಥ; ಗಿಡಕ್ಕೂ ಗುಲಾಬಿಗೂ ನೆಂಟಸ್ತಿಕೆಯಿಲ್ಲ.

ಹೂವಿನ ನಡುವೆ ಇಣುಕಿದರೆ ಒಂದು ಸೋಜಿಗ. ಕೆಲವು ಗಿಡಗಳಲ್ಲಿ ಹೂವಿನ ಬಾಯಿಗೆ ಗುಂಡುಸೂಜಿಯ ತಲೆಯಂಥ ಹಸಿರು ಶಲಾಕಾಗ್ರ ಕಾಣುತ್ತದೆ. ಉಳಿದವುಗಳಲ್ಲಿ ಅದೇ ಜಾಗದಲ್ಲಿ ಪರಾಗಕೋಶಗಳ ಪುಟ್ಟ ಕುಚ್ಚು. ಅಲ್ಲಿನ ತೋಟಗಾರರಿಗೆ ಮೊದಲನೆಯದು ‘ಪಿನ್’, ಎರಡನೆಯದು ‘ಥ್ರಮ್’. ಬಟ್ಟೆ ಕತ್ತರಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ನೂಲಿನ ತುದಿಗೂ ಥ್ರಮ್ ಎಂದೇ ಹೆಸರು.

ಪ್ರಿಮ್ರೋಸ್‌ನ ದಾಯಾದಿಯಾದ ಕೌಸ್ಲಿಪ್‌ನಲ್ಲೂ ಈ ಎರಡು ಬಗೆಯುಂಟು. ಹೂಗಳನ್ನು ಒಂದರೊಳಗೊಂದು ತೂರಿಸಿ ಮಾಲೆ ಮಾಡುವ ಹಳ್ಳಿಯ ಮಕ್ಕಳು ಉದ್ದ ಶಲಾಕೆಯ ಹೂಗಳನ್ನೇ ಆರಿಸುತ್ತಿದ್ದುದನ್ನು ಚಾರ್ಲ್ಸ್ ಡಾರ್ವಿನ್ ದಾಖಲಿಸಿದ್ದಾನೆ. ಪಿನ್ ಮತ್ತು ಥ್ರಮ್ ಗಿಡಗಳ ನಡುವೆ ಪರಾಗಸ್ಪರ್ಶವಾದಾಗ ಹೆಚ್ಚು ಬೀಜ ಕಟ್ಟುತ್ತದೆ ಎಂಬುದನ್ನು ಆತ 1862ರ ಪ್ರಬಂಧದಲ್ಲಿ ತೋರಿಸಿಕೊಟ್ಟ. ಬೀಜ ಬೇಕೆನ್ನುವವರು ಎರಡೂ ಬಗೆಯ ಗಿಡಗಳನ್ನು ಜತೆಯಲ್ಲಿ ನೆಡಬೇಕಾದುದು ಇದಕ್ಕೇ.

ಎಲೆ ಉದುರಿಸುವ ಮರದ ಅಡಿ ಪ್ರಿಮ್ರೋಸ್‌ಗೆ ಹೇಳಿಮಾಡಿಸಿದ ಜಾಗ: ಹೂಬಿಡುವಾಗ ಬಿಸಿಲು, ಬೇಸಿಗೆಯಲ್ಲಿ ನೆರಳು. ಎಲೆಗೊಬ್ಬರ ಬೆರೆಸಿದ ಮಣ್ಣು ಒಣಗಬಾರದು, ನೀರು ನಿಂತು ಕೊಳೆಯಲೂಬಾರದು. ಎರಡು ಮೂರು ವರ್ಷಕ್ಕೊಮ್ಮೆ, ಹೂ ಮುಗಿದ ಕೂಡಲೇ ಬುಡವನ್ನು ಅಗೆದು, ಬೆರಳಿನಿಂದ ಬೇರುಸಹಿತ ಬಿಡಿಸಿ ನೆಟ್ಟರೆ ಒಂದು ಗಿಡ ನಾಲ್ಕಾಗುತ್ತದೆ. ಕಾಡಿನ ಗಿಡಕ್ಕೆ ಮಾತ್ರ ಕೈಹಾಕುವಂತಿಲ್ಲ. ನೆಲದ ಮಾಲೀಕರ ಒಪ್ಪಿಗೆಯಿಲ್ಲದೆ ಕೀಳುವುದು ಬ್ರಿಟನ್ನಿನ 1981ರ ಕಾಯ್ದೆಯ ಪ್ರಕಾರ ಅಪರಾಧ.

ನೀರಿದ್ದೂ ಗಿಡ ಬಾಡಿತೇ? ಬುಡ ಕೆದಕಿ ನೋಡಬೇಕು. ಕಂದು ತಲೆಯ, ಕಾಲಿಲ್ಲದ, ಕೆನೆಬಣ್ಣದ ಹುಳು ಬಾಗಿ ಮಲಗಿದ್ದರೆ ಅದು ವೈನ್ ವೀವಿಲ್‌ನ ಮರಿ. ಬೇರನ್ನೇ ತಿಂದು ಮುಗಿಸುವ ಈ ಹುಳುಗಳನ್ನು ಆರಿಸಿ ತೆಗೆದು, ಉಳಿದ ಬೇರನ್ನು ತೊಳೆದು, ಹೊಸ ಮಣ್ಣಿಗೆ ಹಾಕಿದರೆ ಗಿಡ ಚೇತರಿಸಿಕೊಳ್ಳುವುದುಂಟು.

ಬೀಜವನ್ನು ತಾಜಾ ಇರುವಾಗಲೇ ಮಣ್ಣಿನ ಮೇಲೆ ಉದುರಿಸಿ, ಮುಚ್ಚದೆ ಬಿಡಬೇಕು. ಮೊಳೆಯಲು ಬೆಳಕು ಬೇಕು. ತೋಟಗಾರ ಮರೆತರೂ ಇರುವೆಗಳು ಮರೆಯುವುದಿಲ್ಲ. ಕಾಯಿ ಬಲಿತಂತೆ ತೊಟ್ಟು ನೆಲದತ್ತ ಬಾಗುತ್ತದೆ. ಬೀಜಕ್ಕಂಟಿದ ಎಣ್ಣೆಯಂಶದ ಚೂರಿನಾಸೆಗೆ ಇರುವೆಗಳು ಅದನ್ನು ಹೊತ್ತೊಯ್ಯುತ್ತವೆ. ಮುಂದೊಂದು ವಸಂತದಲ್ಲಿ, ಯಾರೂ ನೆಡದ ಪ್ರಿಮ್ರೋಸ್ ಮೆಟ್ಟಿಲ ಸಂದಿಯಲ್ಲಿ ಅರಳಿ ನಿಂತಿರುತ್ತದೆ.