ಗೋಲಿನ ಹಿಂದೆ ಕೂತವರು

ಫುಟ್ಬಾಲ್ ಪಂದ್ಯವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವವರು ಪತ್ರಿಕೆಯ ಫೋಟೊಗ್ರಾಫರ್‌ಗಳು ಎಂದು ನಾವು ಅಂದುಕೊಳ್ಳುತ್ತೇವೆ. ಹತ್ತಿರವೇನೋ ನಿಜ; ಆದರೆ ಅವರಿಗೆ ಸರಿಯಾಗಿ ಕಾಣುವುದು ಅರ್ಧ ಪಂದ್ಯ. ಮೈದಾನ ನೂರು ಮೀಟರಿನಷ್ಟು ಉದ್ದ. ಒಂದು ಗೋಲುಕಂಬದ ಹಿಂದೆ ಜಾಹೀರಾತು ಫಲಕಗಳಾಚೆ ಕೂತವನಿಗೆ ಆ ತುದಿಯ ಆಟಗಾರರು ಕಡಲೆಕಾಳಿನಷ್ಟು. ಎಷ್ಟು ದುಬಾರಿ ಲೆನ್ಸ್ ಇದ್ದರೂ ನಡುವೆ ಹತ್ತು ಬೆನ್ನುಗಳು ಅಡ್ಡ ಬರುತ್ತವೆ. ಎಲ್ಲಿ ಕೂರಬೇಕು ಎಂಬುದನ್ನು ಆಟ ಶುರುವಾಗುವ ಮೊದಲೇ ತೀರ್ಮಾನಿಸಬೇಕು. ನನ್ನ ಮಟ್ಟಿಗೆ ಈ ಕಸುಬಿನ ಮುಕ್ಕಾಲು ಪಾಲು ಅದೇ.

2023ರ ಜೂನ್ 21ರಿಂದ ಜುಲೈ 4ರವರೆಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ನಡೆಯಿತು. ದಕ್ಷಿಣ ಏಷ್ಯಾದ ತಂಡಗಳ ಜತೆ ಕುವೈತ್ ಮತ್ತು ಲೆಬನಾನ್ ಅತಿಥಿಗಳಾಗಿ ಬಂದಿದ್ದವು. ಮೊದಲ ದಿನವೇ ಭಾರತ–ಪಾಕಿಸ್ತಾನ, ಮೇಲಿಂದ ಮಳೆ. ಭಾರತ 4–0 ಅಂತರದಲ್ಲಿ ಗೆದ್ದಿತು; ಸುನಿಲ್ ಛೆಟ್ರಿ ಮೂರು, ಉದಾಂತ ಸಿಂಗ್ ಒಂದು. ಮೊದಲರ್ಧದಲ್ಲಿ ಎರಡು, ವಿರಾಮದ ಬಳಿಕ ಎರಡು. ಭಾರತ ಎತ್ತ ದಾಳಿ ಮಾಡುತ್ತದೋ ಅತ್ತ ಕೂತು, ವಿರಾಮದಲ್ಲಿ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಆಚೆ ತುದಿಗೆ ಹೋದವನಿಗೆ ನಾಲ್ಕೂ ಗೋಲು ಎದುರಿಗೇ. ಆದರೆ ಮರುದಿನ ಜನ ಮಾತಾಡಿದ್ದು ಇನ್ನೊಂದು ಸಂಗತಿ. ವಿರಾಮಕ್ಕೆ ತುಸು ಮುಂಚೆ ಭಾರತದ ಕೋಚ್ ಇಗೊರ್ ಸ್ಟಿಮಾಚ್ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ತಪ್ಪಿಸಿದರು, ತಳ್ಳಾಟವಾಯಿತು, ರೆಡ್ ಕಾರ್ಡ್ ಬಂತು. ಅದು ನಡೆದದ್ದು ಪಕ್ಕದ ಗೆರೆಯಲ್ಲಿ. ಗೋಲನ್ನೇ ಕಾದು ಕೂತವರು ಆಗ ತಟ್ಟನೆ ತಿರುಗಬೇಕು.

ಜುಲೈ 4ರ ಫೈನಲ್ ಇನ್ನೂ ಕಠಿಣ. 14ನೇ ನಿಮಿಷಕ್ಕೆ ಕುವೈತ್ ಗೋಲು, ವಿರಾಮಕ್ಕೆ ಮುನ್ನ ಭಾರತದ ಲಾಲಿಯನ್‌ಜುವಾಲ ಛಾಂಗ್ಟೆಯ ಗೋಲು. ಎರಡೂ ಒಂದೇ ಅರ್ಧದಲ್ಲಿ, ಎದುರುಬದುರು ತುದಿಗಳಲ್ಲಿ. ಒಬ್ಬನೇ ಫೋಟೊಗ್ರಾಫರ್ ಇದ್ದರೆ ಒಂದು ಕೈತಪ್ಪಿದಂತೆಯೇ. ದೊಡ್ಡ ಏಜೆನ್ಸಿಗಳು ನಾಲ್ಕಾರು ಮಂದಿಯನ್ನು ಸುತ್ತ ಕೂರಿಸುವುದು, ಬಲೆಯ ಹಿಂದೆ ದೂರನಿಯಂತ್ರಿತ ಕ್ಯಾಮೆರಾ ಇಡುವುದು ಇದಕ್ಕೇ.

ಹೆಚ್ಚುವರಿ ಆಟದಲ್ಲೂ 1–1 ಉಳಿದು ಪೆನಾಲ್ಟಿ ಶೂಟೌಟ್ ಬಂತು. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಪೆನಾಲ್ಟಿ ಗುರುತಿನಿಂದ ಗೋಲುಗೆರೆಗೆ 11 ಮೀಟರ್. ಗಂಟೆಗೆ 100 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ, ಅಂದರೆ 0.4 ಸೆಕೆಂಡಿನಲ್ಲಿ ಗೋಲು. ಶಟರ್ ಸೆಕೆಂಡಿನ 125ನೇ ಒಂದು ಭಾಗ ತೆರೆದಿದ್ದರೆ, ಅಷ್ಟರಲ್ಲಿ ಚೆಂಡು ತನ್ನದೇ ಅಗಲ, 22 ಸೆಂ.ಮೀ., ಸರಿದು ಚಿತ್ರದಲ್ಲಿ ಬಿಳಿ ಗೀಟಾಗುತ್ತದೆ. 2000ನೇ ಒಂದು ಭಾಗಕ್ಕಿಳಿಸಿದರೆ ಸರಿಯುವುದು ಒಂದೂವರೆ ಸೆಂ.ಮೀ.ಗಿಂತ ಕಡಿಮೆ; ಚೆಂಡು ಬಹುಮಟ್ಟಿಗೆ ದುಂಡಗೇ ಕಾಣುತ್ತದೆ. ಆದರೆ ರಾತ್ರಿ ಫ್ಲಡ್‌ಲೈಟಿನಲ್ಲಿ ಅಷ್ಟು ಚುರುಕು ಶಟರಿಗೆ ಬೆಳಕು ಸಾಲದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕು, ಚಿತ್ರದಲ್ಲಿ ಕಾಳುಕಾಳು ಮೂಡುವುದನ್ನು ಸಹಿಸಬೇಕು. ಇನ್ನು ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೂ ಒಂದು ಚಿತ್ರದಿಂದ ಮತ್ತೊಂದಕ್ಕೆ ಚೆಂಡು 1.4 ಮೀಟರ್ ಮುಂದೆ ಹೋಗಿರುತ್ತದೆ. ಕೀಪರನ ಅಂಗೈಗೆ ಚೆಂಡು ತಾಗುವ ಗಳಿಗೆ ಆ ಸಂದಿಯಲ್ಲೇ ಜಾರಬಹುದು.

ಭಾರತದ ಮಹೇಶ್ ಸಿಂಗ್ ಆರನೆಯ ಒದೆತವನ್ನು ಗೋಲಾಗಿಸಿದರು, ಬಳಿಕ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕುವೈತಿನ ಖಾಲಿದ್ ಹಾಜಿಯಾನ ಚೆಂಡು ತಡೆದರು. 5–4. ಭಾರತಕ್ಕೆ ಒಂಬತ್ತನೇ ಪ್ರಶಸ್ತಿ. ಉದ್ದ ಲೆನ್ಸ್ ಆಗ ಕೆಲಸಕ್ಕೆ ಬಾರದು. ನಡುಗೆರೆಯಲ್ಲಿದ್ದ ಆಟಗಾರರೆಲ್ಲ ಗುರ್‌ಪ್ರೀತ್ ಕಡೆಗೆ ಓಡುತ್ತಾರೆ, ಕೊರಳಲ್ಲಿ ತೂಗುತ್ತಿರುವ ಎರಡನೇ ಕ್ಯಾಮೆರಾದ ಗಿಡ್ಡ ಲೆನ್ಸೇ ಗತಿ. ಅಲ್ಲಿಗೂ ಮುಗಿಯುವುದಿಲ್ಲ. ಚಿತ್ರ ಆರಿಸಿ, ಕತ್ತರಿಸಿ, ಹೆಸರುಗಳನ್ನು ತಪ್ಪಿಲ್ಲದೆ ಅಡಿಬರಹದಲ್ಲಿ ಬರೆದು, ಕೂತಲ್ಲಿಂದಲೇ ಕಚೇರಿಗೆ ರವಾನಿಸಬೇಕು. ಅಂದಿನ ಪಂದ್ಯ ಶುರುವಾದದ್ದೇ ರಾತ್ರಿ ಏಳೂವರೆಗೆ. ದೂರದ ಊರುಗಳ ಆವೃತ್ತಿಗಳು ನಗರದ್ದಕ್ಕಿಂತ ಮುಂಚೆ ಅಚ್ಚಿಗೆ ಹೋಗುವುದರಿಂದ ಹತ್ತು ನಿಮಿಷ ತಡವಾದರೂ ಚಿತ್ರ ಬಾಗಲಕೋಟೆ ಜಿಲ್ಲೆಯ ಹುನಗುಂದದ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಗೆ ತಲುಪದು.

ಹುನಗುಂದದ ಹುಡುಗ ಈ ಕಸುಬನ್ನು ಕಲಿಯುವುದೆಲ್ಲಿ? ಫುಟ್ಬಾಲ್ ನಮ್ಮ ಎರೆಸೀಮೆಯ ಆಟವಲ್ಲ, ಹೌದು. ಆದರೆ ಜಾತ್ರೆಯ ಕುಸ್ತಿ ಕಣ ಒಳ್ಳೆಯ ಶಾಲೆ. ಪೈಲ್ವಾನರು ಸುತ್ತುತ್ತಲೇ ಇರುತ್ತಾರೆ, ಹತ್ತು ಸಲ ಬೆನ್ನು ಕಂಡರೆ ಒಮ್ಮೆ ಮುಖ. ಆ ಒಂದಕ್ಕೆ ಕಾಯುವ ಅಭ್ಯಾಸ ಎಲ್ಲ ಆಟಕ್ಕೂ ಬೇಕು. ಬಾಗಲಕೋಟೆ–ವಿಜಯಪುರ ಸೈಕಲ್ ಪಟುಗಳ ನಾಡು. ರಸ್ತೆಯಲ್ಲಿ ಅವರು ತಾಲೀಮು ಮಾಡುವಾಗ ಸೆಕೆಂಡಿನ 60ನೇ ಭಾಗಕ್ಕೆ ಶಟರ್ ಇಟ್ಟು, ಸವಾರನ ಜತೆಗೇ ಕ್ಯಾಮೆರಾ ತಿರುಗಿಸಿದರೆ ಆತ ಸ್ಪಷ್ಟ, ಹಿಂದಿನ ಹೊಲ ಬರೀ ಗೀಟು. ಶಾಲಾ ಕಬಡ್ಡಿಗೆ ಸಾದಾ ಲೆನ್ಸೇ ಸಾಕು.

ಅಂತರರಾಷ್ಟ್ರೀಯ ಟೂರ್ನಿಯಲ್ಲಿ ಗೆರೆಯ ಬದಿ ಕೂರಲು ಸಂಖ್ಯೆಯುಳ್ಳ ಬಿಬ್ (ತೋಳಿಲ್ಲದ ಮೇಲಂಗಿ) ಬೇಕು. ಅದಕ್ಕೆ ಪತ್ರಿಕೆಯ ಅಥವಾ ಏಜೆನ್ಸಿಯ ಪತ್ರದೊಡನೆ ಮುಂಚಿತವಾಗಿ ಅರ್ಜಿ ಹಾಕಬೇಕು. ಪತ್ರ ಕೊಡುವ ಸಂಪಾದಕರು ಮೊದಲು ಕೇಳುವುದು ಹಳೆಯ ಚಿತ್ರಗಳನ್ನು. ತಾಲ್ಲೂಕು ಕಬಡ್ಡಿಯದಾದರೂ ನಡೆದೀತು.