ಮೂವರು ಗೆಳತಿಯರು

ಗೆಳೆತನವೆಂದೊಡನೆ ನಮಗೆ ಕೃಷ್ಣ-ಕುಚೇಲರು ನೆನಪಾಗುತ್ತಾರೆ, ಕರ್ಣ-ದುರ್ಯೋಧನರು ನೆನಪಾಗುತ್ತಾರೆ. ತರಗತಿಯಲ್ಲಿ ನಾವು ಹೇಳುತ್ತ ಬಂದುದೂ ಈ ಕಥೆಗಳನ್ನೇ. ಹೆಂಗಸರ ಗೆಳೆತನದ ಕಥೆಯೊಂದನ್ನು ಹೇಳಿರೆಂದು ಯಾವಳಾದರೂ ಹುಡುಗಿ ಕೇಳಿದ್ದರೆ ತಡವರಿಸುತ್ತಿದ್ದೆವೇನೋ. ಈಗ ಕೇಳಿದರೆ ಅಮೆರಿಕೆಯ ಕಪ್ಪುಜನಾಂಗದ ಮೂವರು ಮಹಿಳೆಯರ ಕಥೆಯನ್ನು ಹೇಳಿಯೇವು.

ಮೂವರ ಪತಿಯರೂ ತಮ್ಮ ಜನರ ಸಮಾನ ಹಕ್ಕಿಗಾಗಿ ಹೋರಾಡಿದವರು. ಮೂವರೂ ಗುಂಡಿಗೆ ಬಲಿಯಾದವರು. 1963ರ ಜೂನ್ 12ರಂದು ಮಿಸಿಸಿಪ್ಪಿ ಸಂಸ್ಥಾನದ ಜಾಕ್ಸನ್ ನಗರದಲ್ಲಿ ಮರ್ಲಿಯವರ ಪತಿ ಮೆಡ್ಗರ್ ಎವರ್ಸ್ ಮನೆಯ ಮುಂದೆಯೇ ಬಿದ್ದರು. ತಂದೆಗಾಗಿ ನಿದ್ದೆಗೆಟ್ಟು ಕಾದಿದ್ದ ಮೂವರು ಮಕ್ಕಳು ಅದನ್ನು ಕಂಡರು. 1965ರ ಫೆಬ್ರವರಿ 21ರಂದು ನ್ಯೂಯಾರ್ಕಿನ ಸಭೆಯೊಂದರಲ್ಲಿ ಮಾಲ್ಕಮ್ ಎಕ್ಸ್ ಹತರಾದಾಗ ಪತ್ನಿ ಬೆಟಿ ಶಬಾಜ್ ಅಲ್ಲಿಯೇ ಇದ್ದರು. ನಾಲ್ವರು ಹೆಣ್ಣುಮಕ್ಕಳ ತಾಯಿ, ಹೊಟ್ಟೆಯಲ್ಲಿ ಅವಳಿ ಕೂಸುಗಳು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸರದಿ. 1959ರಲ್ಲಿ ಪತಿಯೊಡನೆ ಗಾಂಧೀಜಿಯ ನಾಡನ್ನು ನೋಡಿಹೋಗಿದ್ದ ಕೊರೆಟಾ ನಾಲ್ಕು ಮಕ್ಕಳೊಡನೆ ಒಂಟಿಯಾದರು.

ಕಿಂಗ್ ಅವರ ಅಹಿಂಸಾಮಾರ್ಗವನ್ನು ಮಾಲ್ಕಮ್ ಕಟುವಾಗಿ ಟೀಕಿಸಿದವರು. ಗಂಡಂದಿರ ವಾದವನ್ನು ಹೆಂಡಂದಿರು ಮುಂದುವರಿಸಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ 1965ರ ಫೆಬ್ರವರಿಯಲ್ಲಿ, ಕಿಂಗ್ ಸೆಲ್ಮಾದ ಸೆರೆಯಲ್ಲಿದ್ದಾಗ, ಮಾಲ್ಕಮ್ ಅಲ್ಲಿಗೆ ಬಂದು ಕೊರೆಟಾರೊಡನೆ ಮಾತನಾಡಿದ್ದರು. ನಿಮ್ಮ ಪತಿಯ ಕೆಲಸವನ್ನು ಕಷ್ಟಗೊಳಿಸಲು ಬಂದವನಲ್ಲ ಎಂದಿದ್ದರು. ಹದಿನೇಳು ದಿನಗಳಲ್ಲಿ ಅವರೇ ಇಲ್ಲವಾದರು.

ಮುಂದೆ ಆ ಮೂವರನ್ನೂ ಲೋಕ ಹುತಾತ್ಮರ ಪತ್ನಿಯರೆಂದು ವೇದಿಕೆಗಳಿಗೆ ಕರೆಯಿತು. ವೇದಿಕೆಯಿಂದ ಇಳಿದ ಮೇಲೆ ಮನೆಯಲ್ಲಿರುವ ಕಷ್ಟವೇನೆಂಬುದು ಒಬ್ಬರಿಗೊಬ್ಬರು ವಿವರಿಸದೆಯೇ ತಿಳಿಯುವ ಸಂಗತಿಯಾಗಿತ್ತು. ವರ್ಷಗಳು ಕಳೆದಂತೆ ಸ್ನೇಹ ಬಲಿಯಿತು. ಬೆಟಿ 1975ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ಬ್ರೂಕ್ಲಿನ್‌ನ ಮೆಡ್ಗರ್ ಎವರ್ಸ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. ಗೆಳತಿಯ ಪತಿಯ ಹೆಸರು ಹೊತ್ತ ಬಾಗಿಲನ್ನು ದಾಟಿ ಪಾಠ ಹೇಳಹೋಗುವುದು! ಮಾಸ್ತರಿಕೆಯವರಾದ ನಮ್ಮನ್ನು ಈ ಕಥೆಯಲ್ಲಿ ಬಹುವಾಗಿ ಹಿಡಿದು ನಿಲ್ಲಿಸಿದ್ದು ಈ ಸಂಗತಿಯೇ.

1997ರ ಜೂನ್‌ನಲ್ಲಿ ಮನೆಗೆ ಬೆಂಕಿ ಬಿದ್ದು ಬೆಟಿ ತೀವ್ರವಾಗಿ ಸುಟ್ಟುಕೊಂಡರು. ಕೊರೆಟಾ, ಮರ್ಲಿ ಇಬ್ಬರೂ ಆಸ್ಪತ್ರೆಗೆ ಧಾವಿಸಿದರು. ಜೂನ್ 23ರಂದು ಬೆಟಿ ಕಣ್ಮುಚ್ಚಿದರು.

ಮೂವರ ಕಥೆಯೆಂದೆವು, ಆದರೂ ನಾಲ್ಕನೆಯವರೊಬ್ಬರನ್ನು ಬಿಡಲು ಮನಸ್ಸಿಲ್ಲ. ಕವಯಿತ್ರಿ ಮಾಯಾ ಏಂಜೆಲೋ ಹುಟ್ಟಿದ್ದು ಏಪ್ರಿಲ್ 4ರಂದು. ಕಿಂಗ್ ಹತರಾದ ದಿನ ಅವರಿಗೆ ನಲವತ್ತು ತುಂಬಿತ್ತು. ಆಮೇಲೆ ಬಹುಕಾಲ ಅವರು ಹುಟ್ಟುಹಬ್ಬವನ್ನು ಆಚರಿಸಲಿಲ್ಲ. ಕೊರೆಟಾರಿಗೆ ಹೂಗಳನ್ನು ಕಳುಹಿಸುತ್ತಿದ್ದರು. 2006ರ ಜನವರಿಯಲ್ಲಿ ಕೊರೆಟಾ ತೀರಿಕೊಳ್ಳುವವರೆಗೂ ಹೂಗಳು ಹೋಗುತ್ತಲೇ ಇದ್ದವು.